ಮಾಂತ್ರಿಕ ವಸ್ತು ಯಾರಿಗೆ, ಯಾವಾಗ, ಎಷ್ಟು

ಆಟಗಾರರು ಒಂದೊಂದು ಪಾತ್ರವಾಗಿ ಆಡುವ ಮೇಜಿನಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಸುವವರಿಗೆ ಮಾಂತ್ರಿಕ ವಸ್ತು ಕೊಡುವಾಗ ಬರುವ ಮೊದಲ ಚಿಂತೆ, ಇದರಿಂದ ರಾಕ್ಷಸರು ಬೇಗ ಸತ್ತುಹೋಗುತ್ತಾರೇನೋ ಎಂಬುದು. ನನಗೆ ಅದು ದೊಡ್ಡ ಸಂಗತಿಯಲ್ಲ. ಮುಂದಿನ ವಾರ ಇನ್ನೆರಡು ರಾಕ್ಷಸರನ್ನು ಇಳಿಸಿದರಾಯಿತು. ನಾನು ಕೇಳಿಕೊಳ್ಳುವುದು ಇಷ್ಟೇ: ಈ ವಸ್ತು ಒಬ್ಬರ ಕೈ ಸೇರಿದ ಮೇಲೆ ಪಕ್ಕದಲ್ಲಿ ಕುಳಿತವರಿಗೆ ಮಾಡಲು ಏನು ಉಳಿಯುತ್ತದೆ?

ಐದನೆಯ ಆವೃತ್ತಿಯ ಲೆಕ್ಕವನ್ನೇ ನೋಡಿ. ಪ್ಲೇಟ್ ಕವಚ ತೊಟ್ಟು ಗುರಾಣಿ ಹಿಡಿದ ಫೈಟರ್‌ನ (ಯೋಧ ಪಾತ್ರ) ಆರ್ಮರ್ ಕ್ಲಾಸ್ 20. ಅಂದರೆ ದಾಳದ ಅಂಕಿಗೆ ದಾಳಿಯ ಬಲ ಕೂಡಿಸಿದ ಮೊತ್ತ 20 ಮುಟ್ಟಿದರೆ ಮಾತ್ರ ಏಟು ತಾಗುತ್ತದೆ. ದಾಳಿಗೆ +6 ಇರುವ ಪ್ರಾಣಿಯ ಏಟು ಅವನಿಗೆ ತಾಗಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ 14 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು, ಅಂದರೆ ಶೇ 35ರಷ್ಟು ಸಾಧ್ಯತೆ. ಅವನಿಗೆ +1 ಗುರಾಣಿ, ರಕ್ಷಣೆಯ ಮೇಲಂಗಿ, ರಕ್ಷಣೆಯ ಉಂಗುರ ಮೂರೂ ಸಿಕ್ಕಿದವು ಎನ್ನೋಣ. ಆರ್ಮರ್ ಕ್ಲಾಸ್ 23 ಆಗಿ, ಸಾಧ್ಯತೆ ಶೇ 20ಕ್ಕೆ ಇಳಿಯುತ್ತದೆ. ಇದನ್ನು ಸರಿದೂಗಿಸಲು ನೀವು ಪ್ರಾಣಿಯ ದಾಳಿಯನ್ನು +9ಕ್ಕೆ ಏರಿಸುತ್ತೀರಿ. ಫೈಟರ್‌ನ ಮಟ್ಟಿಗೆ ಎಲ್ಲವೂ ಮೊದಲಿನಂತಾಯಿತು. ಆದರೆ ಆರ್ಮರ್ ಕ್ಲಾಸ್ 13 ಇರುವ ವಿಜರ್ಡ್‌ಗೆ (ಮಂತ್ರವಾದಿ ಪಾತ್ರ) ಏಟು ಬೀಳುವ ಸಾಧ್ಯತೆ ಶೇ 70ರಿಂದ 85ಕ್ಕೆ ಏರಿತು. ಅವಳಿಗೆ ಏನೂ ಸಿಗಲಿಲ್ಲ, ಪೆಟ್ಟು ಮಾತ್ರ ಹೆಚ್ಚಾಯಿತು.

ಆದ್ದರಿಂದ ಆರ್ಮರ್ ಕ್ಲಾಸ್ ಹೆಚ್ಚಿಸುವ ವಸ್ತುಗಳಲ್ಲಿ ನಾನು ಬಹಳ ಬಿಗಿ. ನಿಯಮಪುಸ್ತಕಕ್ಕೂ ಇದು ಗೊತ್ತು: +1 ಆಯುಧ ‘ಅನ್‌ಕಾಮನ್’ ದರ್ಜೆಯದಾದರೆ +1 ಕವಚ ಅದಕ್ಕಿಂತ ಅಪರೂಪದ ‘ರೇರ್’. ಹಾಗೆಂದು ದರ್ಜೆಯನ್ನೇ ಕಣ್ಣು ಮುಚ್ಚಿ ನಂಬಬೇಡಿ. ಹಾರುವ ಪೊರಕೆಯೂ ‘ಅನ್‌ಕಾಮನ್’, 2014ರ ನಿಯಮಪುಸ್ತಕದಲ್ಲಿ ಅದಕ್ಕೆ ಅಟ್ಯೂನ್‌ಮೆಂಟ್ (ವಸ್ತುವನ್ನು ಒಂದು ಪಾತ್ರಕ್ಕೆ ಬೆಸೆಯುವುದು) ಕೂಡ ಬೇಕಿರಲಿಲ್ಲ. ಮೂರನೆಯ ಹಂತದ ತಂಡಕ್ಕೆ ಅದನ್ನು ಕೊಟ್ಟರೆ ಕಂದಕ, ಕೋಟೆಗೋಡೆ, ಮುರಿದ ಸೇತುವೆ ಯಾವುದೂ ಅಡ್ಡಿಯಾಗಿ ಉಳಿಯುವುದಿಲ್ಲ. ಗೋಡೆ ಹತ್ತುವುದರಲ್ಲೇ ಹೆಸರು ಮಾಡಿದ ರೋಗ್ (ಚತುರ ಕಳ್ಳನಂಥ ಪಾತ್ರ) ಕೈಕಟ್ಟಿ ಕೂರಬೇಕಾಗುತ್ತದೆ.

ಹಾಗಾದರೆ ಏನು ಕೊಡಬೇಕು? ಅಂಕಿ ಏರಿಸುವ ವಸ್ತುವಿಗಿಂತ ಹೊಸ ಕೆಲಸಕ್ಕೆ ದಾರಿ ಮಾಡುವ ವಸ್ತು ಮೇಲು. ನಮ್ಮ ತಂಡದ ರೋಗ್‌ಗೆ ನಾನೇ ಕಲ್ಪಿಸಿಕೊಟ್ಟ ಒಂದು ಲಾಂದ್ರವಿದೆ. ಹೊತ್ತಿಸಿದರೆ ಹಿಂದಿನ ರಾತ್ರಿ ಆ ಕೋಣೆಯಲ್ಲಿ ಓಡಾಡಿದವರ ಹೆಜ್ಜೆಗಳು ನೆಲದ ಮೇಲೆ ಬೆಳಗುತ್ತವೆ. ಒಟ್ಟು ಮೂರು ಚಾರ್ಜ್, ಅಂದರೆ ಮೂರು ಸಲದ ಬಳಕೆ, ಮತ್ತೆ ತುಂಬುವುದಿಲ್ಲ. ಯುದ್ಧದಲ್ಲಿ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೂ ‘ಇಲ್ಲಿ ಹೊತ್ತಿಸೋಣವೇ, ಬೇಡವೇ’ ಎಂಬ ಚರ್ಚೆಗೆ ಇಡೀ ಮೇಜು ಸೇರಿಕೊಳ್ಳುತ್ತದೆ. ಒಬ್ಬರ ಬಳಿ ಇರುವ ವಸ್ತು ಎಲ್ಲರನ್ನೂ ಮಾತಿಗೆಳೆಯುವುದು ನನಗೆ ಆಟದಲ್ಲೇ ಅತ್ಯಂತ ಪ್ರಿಯವಾದ ಗಳಿಗೆ.

ಮುಗಿದುಹೋಗುವ ವಸ್ತುಗಳನ್ನು ಧಾರಾಳವಾಗಿ ಕೊಡಿ. ಬೆಂಕಿಯುಂಡೆ ಸಿಡಿಸುವ ಫೈರ್‌ಬಾಲ್ ದಂಡದಲ್ಲಿ 7 ಚಾರ್ಜ್‌ಗಳಿದ್ದು, ಪ್ರತಿ ಬೆಳಗಿನ ಜಾವ ಒಂದಿಷ್ಟು ಮರಳಿ ತುಂಬುತ್ತವೆ. ಹಾಗಾಗಿ ದಿನವೂ ಅದೇ ಉತ್ತರ. ಫೈರ್‌ಬಾಲ್ ಹಾರದಲ್ಲಿ ಮಣಿ ಎಸೆದರೆ ಹೋಯಿತು. ಶಕ್ತಿಯನ್ನು ತಪ್ಪಾಗಿ ಅಳೆದು ಕೊಟ್ಟಿದ್ದರೂ ಹಾರ ತಾನಾಗಿ ಬರಿದಾಗುತ್ತದೆ.

ಲೆಕ್ಕಕ್ಕೆ ಒಂದು ಹಾಳೆ ಸಾಕು. ಪ್ರತಿ ಪಾತ್ರಕ್ಕೆ ಒಂದು ಸಾಲು, ಅದರಲ್ಲಿ ಇದುವರೆಗೆ ಸಿಕ್ಕಿದ್ದು, ಕಳೆದ ಕೆಲವು ಸೆಷನ್‌ಗಳಲ್ಲಿ ನಿಜಕ್ಕೂ ಬಳಸಿದ್ದು. ಎರಡನೆಯದನ್ನು ಖಂಡಿತ ಬರೆಯಿರಿ. ಚೀಲದಲ್ಲಿ ಮಲಗಿರುವ ವಸ್ತು ಆ ಆಟಗಾರರ ಪಾಲಿಗೆ ಬಹುಮಾನವೇ ಅಲ್ಲ. ಯಾರ ಸಾಲು ಖಾಲಿಯೋ ಮುಂದಿನ ನಿಧಿ ಅವರಿಗೆ ಒಪ್ಪುವಂತಿರಲಿ. ಒಂದು ಪಾತ್ರಕ್ಕೆ ಅಟ್ಯೂನ್‌ಮೆಂಟ್ ಮೂರು ವಸ್ತುಗಳಿಗೆ ಸೀಮಿತ ಎಂಬ ನಿಯಮವನ್ನು ಯಾರು ಕೇಳಿದರೂ ಸಡಿಲಿಸಬೇಡಿ. ನಾಲ್ಕನೆಯದು ಬಂದಾಗ ಒಂದನ್ನು ಜೊತೆಗಾರರಿಗೆ ದಾಟಿಸುವಂತೆ ಮಾಡುವುದೇ ಆ ನಿಯಮ.

ಈಗಾಗಲೇ ಅತಿಯಾದ ವಸ್ತು ಕೈ ಸೇರಿದ್ದರೆ ಕಳ್ಳನನ್ನು ಕಳಿಸಿ ಕಸಿದುಕೊಳ್ಳಬೇಡಿ. ಆಟಗಾರರಿಗೆ ಅದು ತಕ್ಷಣ ತಿಳಿಯುತ್ತದೆ, ನೋವಾಗುತ್ತದೆ. ಸೆಷನ್ ಮುಗಿದ ಮೇಲೆ ನೇರವಾಗಿ ಹೇಳಿ: ‘ಈ ಪೊರಕೆಯಿಂದ ಉಳಿದವರಿಗೆ ಕೆಲಸವಿಲ್ಲದಂತಾಗಿದೆ, ದಿನಕ್ಕೆ ಹತ್ತು ನಿಮಿಷ ಮಾತ್ರ ಹಾರುತ್ತದೆ ಎಂದು ಮಾಡೋಣವೇ?’ ಒಪ್ಪಿದರೆ ಅದಕ್ಕೆ ಬದಲಾಗಿ ಅವರಿಗೇ ಇಷ್ಟವಾದ ಇನ್ನೊಂದು ಸಣ್ಣ ಗುಣವನ್ನು ಪೊರಕೆಗೆ ಸೇರಿಸಿ, ಅದೇನೆಂದು ಅವರೇ ಆರಿಸಲಿ.