ಕಾಸ್ಟ್ ನಿಲ್, ಕ್ರಿಸ್ಟಲ್ ನಿಲ್ ಅಂತ ಬರೆಯೋದು ನಿಲ್ಲಿಸಿದ್ದು ಹೇಗೆ

ನಮ್ಮ ಲ್ಯಾಬಿನ ಯೂರಿನ್ ರಿಪೋರ್ಟಿನಲ್ಲಿ 'ಕಾಸ್ಟ್: ನಿಲ್', ಅಂದರೆ ಕಾಸ್ಟ್ ಇಲ್ಲ ಅನ್ನೋದು ಮೊದಲೇ ಟೈಪ್ ಆಗಿ ಕೂತಿರುತ್ತಿತ್ತು. ಕಾಸ್ಟ್ ಅಂದರೆ ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಪ್ರೋಟೀನ್ ಗಟ್ಟಿಯಾಗಿ, ಅದೇ ನಳಿಕೆಯ ಆಕಾರದಲ್ಲಿ ಮೂತ್ರಕ್ಕೆ ಬರುವ ತುಣುಕು. ಏನಾದರೂ ಕಂಡರೆ ಮಾತ್ರ ಅಳಿಸಬೇಕು. ಕಾಣುತ್ತಲೇ ಇರಲಿಲ್ಲ, ಹಾಗಾಗಿ ಅಳಿಸುವ ಕೆಲಸವೂ ಇರಲಿಲ್ಲ. ಸ್ಟ್ರಿಪ್‌ನಲ್ಲಿ (ಮೂತ್ರದಲ್ಲಿ ಅದ್ದುವ ಪರೀಕ್ಷೆಯ ಪಟ್ಟಿ) ಪ್ರೋಟೀನ್ ಮೂರು ಪ್ಲಸ್ ಬಂದರೂ ಕಾಸ್ಟ್ ನಿಲ್! ಕೇಳಿದರೆ, "ಈ ಮೈಕ್ರೋಸ್ಕೋಪಲ್ಲಿ ಅದೆಲ್ಲ ಕಾಣಲ್ಲ ಬಿಡಿ, ಫೇಸ್ ಕಾಂಟ್ರಾಸ್ಟ್ ಬೇಕು" ಅನ್ನುವ ಉತ್ತರ ರೆಡಿ ಇತ್ತು. ಪಾರದರ್ಶಕ ವಸ್ತುವನ್ನೂ ಎದ್ದು ಕಾಣಿಸುವ ದುಬಾರಿ ಮೈಕ್ರೋಸ್ಕೋಪ್ ವ್ಯವಸ್ಥೆ ಅದು. ಈಗ ಅದೇ ಮೈಕ್ರೋಸ್ಕೋಪಿನಲ್ಲಿ ವಾರಕ್ಕೆ ನಾಲ್ಕೈದು ಸ್ಯಾಂಪಲ್‌ನಲ್ಲಾದರೂ ಗ್ರಾನ್ಯುಲರ್ ಕಾಸ್ಟ್ (ಒಳಗೆ ರವೆಯಂಥ ಕಣಗಳಿರುವುದು) ಹಿಡಿಯುತ್ತೇನೆ. ಅವತ್ತು ಹಾಗಂದವರೇ ಈಗ ಸ್ಲೈಡ್ ತಂದು "ಸ್ವಲ್ಪ ನೋಡ್ತೀರಾ?" ಅನ್ನುತ್ತಾರೆ.

ಫೇಸ್ ಕಾಂಟ್ರಾಸ್ಟಿಗೆ ಕೊಟೇಶನ್ ತರಿಸಿದ್ದೂ ಆಯಿತು. ಆ ದುಡ್ಡಿಗೆ ಇನ್ನೊಂದು ಅನಲೈಸರ್‌ನ ಮುಂಗಡ ಕಟ್ಟಬಹುದು ಎಂದರು ಮಾಲೀಕರು. ಅವರ ಲೆಕ್ಕ ತಪ್ಪೇನಲ್ಲ. ಯೂರಿನ್ ರೊಟೀನ್‌ಗೆ ಯಾರು ದುಡ್ಡು ಹಾಕುತ್ತಾರೆ?

ಹಾಗಾಗಿ ಇರುವುದರಲ್ಲೇ ಶುರು ಮಾಡಿದೆ. ಮೊದಲು ಕೈ ಹಾಕಿದ್ದು ಸೆಂಟ್ರಿಫ್ಯೂಜಿಗೆ, ಟ್ಯೂಬನ್ನು ಜೋರಾಗಿ ತಿರುಗಿಸಿ ಕಣಗಳನ್ನು ತಳಕ್ಕೆ ಕೂರಿಸುವ ಯಂತ್ರಕ್ಕೆ. ರಕ್ತದ ಟ್ಯೂಬಿಗೆ ಇಟ್ಟ ಸ್ಪೀಡಲ್ಲೇ ಯೂರಿನ್ನೂ ತಿರುಗುತ್ತಿತ್ತು, 3000 ಆರ್‌ಪಿಎಂಗೂ (ನಿಮಿಷಕ್ಕೆ ಸುತ್ತು) ಮೇಲೆ. ಅವಸರಕ್ಕೆ ಬ್ರೇಕ್ ಬೇರೆ. ಅಷ್ಟು ಜೋರಿಗೆ ಕಾಸ್ಟ್ ಮುರಿಯುತ್ತದೆ, ಬ್ರೇಕ್ ಹಾಕಿದರೆ ತಳಕ್ಕೆ ಕೂತ ಕಣಗಳು (ಸೆಡಿಮೆಂಟ್) ಮತ್ತೆ ಏಳುತ್ತವೆ. ಬೇಕಿರುವುದು 400 ಜಿ, ಅಂದರೆ ಗುರುತ್ವದ 400 ಪಟ್ಟು ಬಲ, 5 ನಿಮಿಷ. ರೋಟರಿನ ತ್ರಿಜ್ಯ 15 ಸೆಂ.ಮೀ. ಇದ್ದರೆ ಅದು ಸುಮಾರು 1500 ಆರ್‌ಪಿಎಂ, 10 ಸೆಂ.ಮೀ. ಇದ್ದರೆ 1900ರ ಹತ್ತಿರ. ಸ್ಕೇಲ್ ಹಿಡಿದು ಅಳೆಯಿರಿ, ಪಕ್ಕದ ಲ್ಯಾಬಿನವರ ಆರ್‌ಪಿಎಂ ಕಾಪಿ ಮಾಡಬೇಡಿ. 12 ಎಂಎಲ್ ತಿರುಗಿಸಿ ಅರ್ಧ ಎಂಎಲ್ ಉಳಿಸುತ್ತೇನೆ, ಬೆರಳಲ್ಲಿ ಮೆಲ್ಲಗೆ ತಟ್ಟಿ ಕಲಸುತ್ತೇನೆ. ಟ್ಯೂಬನ್ನು ಜೋರಾಗಿ ಅಲುಗಾಡಿಸುವ ವೋರ್ಟೆಕ್ಸ್ ಯಂತ್ರ ಬೇಡವೇ ಬೇಡ.

ಆಮೇಲೆ ಬೆಳಕು. ಬಣ್ಣವಿಲ್ಲದ ಹೈಯಲೀನ್ ಕಾಸ್ಟ್ ಹೆಚ್ಚು ಕಡಿಮೆ ಯೂರಿನ್ನಷ್ಟೇ ಪಾರದರ್ಶಕ, ಫುಲ್ ಬೆಳಕಿಗೆ ಮಾಯ. ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಇಳಿಸಿ, ಬೆಳಕಿನ ಕಿಂಡಿಯಾದ ಡಯಾಫ್ರಮ್ ಅರ್ಧ ಮುಚ್ಚಿ, 10ರ ಆಬ್ಜೆಕ್ಟಿವಲ್ಲಿ ಕವರ್‌ಸ್ಲಿಪ್‌ನ ಅಂಚು ಸುತ್ತಿ ಬನ್ನಿ. ಫೈನ್ ಫೋಕಸ್ ಮೇಲಿಂದ ಕೈ ತೆಗೆಯಬಾರದು. ಇನ್ನೂ ಚೆನ್ನಾಗಿ ಕಾಣಲಿ ಎಂದು ಡಯಾಫ್ರಮ್ ಪೂರ್ತಿ ಮುಚ್ಚಿ ನೋಡಿದೆ. ಆಗ ಎಲ್ಲದಕ್ಕೂ ಕಪ್ಪು ಅಂಚು ಬಂದು ಮ್ಯೂಕಸ್ (ಲೋಳೆ) ಎಳೆಗಳೂ ಕಾಸ್ಟಿನ ಥರವೇ ಕಂಡವು. ಎಳೆಯ ತುದಿ ಸಣ್ಣಗಾಗುತ್ತಾ ಹೋಗಿ ಎಲ್ಲೋ ಕಳೆದುಹೋಗುತ್ತದೆ, ಕಾಸ್ಟಿಗೆ ಎರಡು ಬದಿ ಸಮವಾಗಿ ಇರುತ್ತದೆ. ಮೇಣದಂತೆ ಕಾಣುವ ವ್ಯಾಕ್ಸಿ ಕಾಸ್ಟ್ ಮಾತ್ರ ಈ ಕಷ್ಟ ಕೊಡುವುದಿಲ್ಲ. ತುಂಡಾದ ಮೊಂಡು ತುದಿ, ಬದಿಯಲ್ಲಿ ಸೀಳು, ಎದ್ದು ಕಾಣುತ್ತದೆ.

ಸ್ಯಾಂಪಲ್ ತಾಜಾ ಇರಬೇಕು ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಪಾಲಿಸಲ್ಲ. ಹೈಯಲೀನ್ ಕಾಸ್ಟ್ ತುಂಬಾ ಇದ್ದ ಒಂದು ಸ್ಯಾಂಪಲನ್ನು ಸುಮ್ನೆ ಕುತೂಹಲಕ್ಕೆ ಮೂರು ಪಾಲು ಮಾಡಿದೆ. ಟೇಬಲ್ ಮೇಲೆ ಒಂದು, ಫ್ರಿಜ್‌ನಲ್ಲಿ ಒಂದು, ಚಿಟಿಕೆ ಬೈಕಾರ್ಬೊನೇಟ್ ಹಾಕಿ ಆಲ್ಕಲೈನ್ (ಕ್ಷಾರೀಯ) ಮಾಡಿದ್ದು ಒಂದು. ಬೈಕಾರ್ಬೊನೇಟ್ ಹಾಕಿದ್ದರಲ್ಲಿ ಸ್ವಲ್ಪ ಹೊತ್ತಿಗೇ ಹುಡುಕಿದರೂ ಸಿಗಲಿಲ್ಲ. ಟೇಬಲ್ ಮೇಲಿನದರಲ್ಲಿ ಸಂಜೆಗೆ ಕಾಲುಭಾಗ ಉಳಿದಿತ್ತೇನೋ. ಫ್ರಿಜ್‌ನದರಲ್ಲಿ ಕಾಸ್ಟ್ ಇದ್ದವು, ಆದರೆ ತಣ್ಣಗಾದಾಗ ಪುಡಿಯಂತೆ ಬೀಳುವ ಲವಣ, ಅಮಾರ್ಫಸ್ ಯುರೇಟ್, ಮೇಲೆಲ್ಲ ಮುಚ್ಚಿಕೊಂಡಿತ್ತು. ಟ್ಯೂಬ್ ಬೆಚ್ಚಗೆ ಮಾಡಿದರೆ ಯುರೇಟ್ ಕರಗುತ್ತದೆ, ಫಾಸ್ಫೇಟ್ ಆಗಿದ್ದರೆ ಕರಗುವುದಿಲ್ಲ. ಅದಕ್ಕೆ ಅಸಿಟಿಕ್ ಆಸಿಡ್ ಬೇಕು. ಈಗ ನಾನು ಎರಡು ಗಂಟೆ ದಾಟಿದ ಸ್ಯಾಂಪಲಲ್ಲಿ ಕಾಸ್ಟ್ ಇಲ್ಲ ಎಂದು ಬರೆಯುವುದೇ ಇಲ್ಲ.

ಕಣಗಳು ಎದ್ದು ಕಾಣಲೆಂದು ಹಾಕುವ ಬಣ್ಣಕ್ಕೆ, ಅಂದರೆ ಸ್ಟೇನಿಗೆ, ದಂಡ ಹಾಕಿದ್ದೇ ಜಾಸ್ತಿ. ಸ್ಟರ್ನ್‌ಹೈಮರ್-ಮಾಲ್ಬಿನ್ ರೆಡಿಮೇಡ್ ಬಾಟಲ್ ತರಿಸಿದೆ. ಅರ್ಧ ಮುಗಿಯುವ ಮೊದಲೇ ಎಕ್ಸ್‌ಪೈರಿ. ಆಲ್ಕಲೈನ್ ಯೂರಿನ್‌ಗೆ ಹಾಕಿದರೆ ಸ್ಟೇನೇ ಗಟ್ಟಿಯಾಗಿ ಸ್ಲೈಡ್ ತುಂಬಾ ನೇರಳೆ ಕಸ. ಕೊನೆಗೆ ನೋಡಿದರೆ ಅದರಲ್ಲಿ ಇರುವುದು ಕ್ರಿಸ್ಟಲ್ ವಯೊಲೆಟ್ ಮತ್ತು ಸಫ್ರಾನಿನ್, ಎರಡೂ ಬ್ಯಾಕ್ಟೀರಿಯಾ ನೋಡಲು ಬಳಸುವ ಗ್ರಾಂ ಸ್ಟೇನಿನ ಸ್ಟ್ಯಾಂಡಲ್ಲೇ ನಿಂತಿವೆ! ಈಗ ನಾನೇ ಬೆರೆಸಿ ಫಿಲ್ಟರ್ ಮಾಡಿ ಇಟ್ಟುಕೊಂಡಿದ್ದೇನೆ. ಪ್ರಮಾಣ ಕೇಳಬೇಡಿ, ತುಂಬಾ ಬಾಟಲ್ ಚೆಲ್ಲಿ ಕಲಿತದ್ದು.

ನಿಜವಾದ ಗೆಲುವು ಸಿಕ್ಕಿದ್ದು ಪೋಲರೈಸಿಂಗ್ ಫಿಲ್ಮಿನಿಂದ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಯಿಂದ. ಎರಡು ತುಂಡು ಸಾಕು, ಒಂದು ಲ್ಯಾಂಪಿನ ಗಾಜಿನ ಮೇಲೆ, ಇನ್ನೊಂದು ಸ್ಲೈಡಿಗೂ ಕಣ್ಣಿಗೂ ಮಧ್ಯೆ. ಕೆಳಗಿನದನ್ನು ತಿರುಗಿಸುತ್ತಾ ಹೋದರೆ ಫೀಲ್ಡ್ ಕತ್ತಲಾಗುತ್ತದೆ, ಆ ಕತ್ತಲಲ್ಲಿ ಹಲವು ಕ್ರಿಸ್ಟಲ್‌ಗಳು ಹೊಳೆದು ಕಾಣುತ್ತವೆ. ಕೂಲಿಂಗ್ ಗ್ಲಾಸ್ ಕತ್ತರಿಸಿ ನೋಡಿದೆ, ಅದರ ಬಣ್ಣವೇ ಬೆಳಕು ನುಂಗಿತು. 3ಡಿ ಕನ್ನಡಕ ಒಂದು ಮಗ್ಗುಲಲ್ಲಿ ಕೆಲಸ ಮಾಡಿತು, ತಿರುವಿ ಹಾಕಿದರೆ ಇಲ್ಲ. ಹಾಳಾದ ಕ್ಯಾಲ್ಕುಲೇಟರ್ ಡಿಸ್‌ಪ್ಲೇಯ ಫಿಲ್ಮ್ ಚೆನ್ನಾಗಿತ್ತು, ಆದರೆ ಅಂಟು ತೆಗೆಯುವಷ್ಟರಲ್ಲಿ ಸಾಕಾಯಿತು. ಹಳೇ ಹ್ಯಾಲೊಜೆನ್ ಲ್ಯಾಂಪಿನ ಬಿಸಿಗೆ ಒಂದು ತುಂಡು ಸೊಟ್ಟಗಾಯಿತು. ಕೊನೆಗೆ ಬರೀ ಫಿಲ್ಮ್ ಹಾಳೆಯನ್ನೇ ಕೊಂಡೆ. ಮೈಕ್ರೋಸ್ಕೋಪ್ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಮೇಲಿನ ತುಂಡನ್ನು ಐಪೀಸ್ ಮೇಲೆ ಇಟ್ಟರೆ ಪೂರ್ತಿ ಕತ್ತಲಾಗಲ್ಲ, ಬೈನಾಕ್ಯುಲರ್ ಹೆಡ್ಡಿನ ಪ್ರಿಸಂ ಮಧ್ಯೆ ಕೈಯಾಡಿಸುತ್ತದೆ. ಹೆಡ್ ಬಿಚ್ಚಿ ಅದರ ಕೆಳಗೆ ಕೂರಿಸಬೇಕು. ಧೂಳು ಸೇರದ ಹಾಗೆ ಹೇಗೆ ಕೂರಿಸಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಂದು ಸ್ಯಾಂಪಲಲ್ಲಿ ಆರ್‌ಬಿಸಿ (ಕೆಂಪು ರಕ್ತಕಣ) ರಾಶಿ ರಾಶಿ, ಸ್ಟ್ರಿಪ್‌ನಲ್ಲಿ ಬ್ಲಡ್ ನೆಗೆಟಿವ್. ವಿಟಮಿನ್ ಸಿ ಸ್ಟ್ರಿಪ್‌ನ ಫಲಿತಾಂಶ ಮರೆಮಾಡಿದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಫಿಲ್ಮ್ ತಿರುಗಿಸಿದೆ. ಒಂದೊಂದೂ ದೀಪ ಹಚ್ಚಿದ ಹಾಗೆ ಹೊಳೆಯಿತು. ಆರ್‌ಬಿಸಿ ಹೊಳೆಯುವುದಿಲ್ಲ, ಅಲ್ವಾ? ಅವು ಕ್ಯಾಲ್ಸಿಯಂ ಆಕ್ಸಲೇಟ್ ಮೊನೊಹೈಡ್ರೇಟಿನ ಮೊಟ್ಟೆಯಾಕಾರದ ಕ್ರಿಸ್ಟಲ್‌ಗಳು. ಎರಡು ಪರ್ಸೆಂಟ್ ಅಸಿಟಿಕ್ ಆಸಿಡ್ ಹನಿ ಬಿಟ್ಟರೂ ಒಂದೂ ಕರಗಲಿಲ್ಲ, ಆರ್‌ಬಿಸಿ ಆಗಿದ್ದರೆ ಒಡೆದುಹೋಗುತ್ತಿದ್ದವು. ಲಕೋಟೆ ಆಕಾರದ ಡೈಹೈಡ್ರೇಟನ್ನು ಮಕ್ಕಳೂ ಗುರುತಿಸುತ್ತಾರೆ, ಫಿಲ್ಮಿನಲ್ಲಿ ಅದು ಮಂಕೇ. ಕೈ ಕೊಡುವುದು ಈ ಮೊನೊಹೈಡ್ರೇಟ್.

ಬಟ್ಟೆಯ ನೂಲೂ ಹಾಗೇ ಸಿಕ್ಕಿಬೀಳುತ್ತದೆ. ವ್ಯಾಕ್ಸಿ ಕಾಸ್ಟ್ ಎಂದು ಹಾರಿಬಿದ್ದದ್ದು ಕತ್ತಲಲ್ಲಿ ಹೊಳೆದರೆ ಅದು ನೂಲು. ಕಾಸ್ಟಿನ ಒಳಗೆ ಕೊಬ್ಬಿನ ಹನಿಗಳಿದ್ದರೆ ಆ ಹನಿಗಳಲ್ಲಿ ಮಾತ್ರ ಶಿಲುಬೆ ಆಕಾರ ಕಾಣುತ್ತದೆ. ಗ್ಲವ್ಸ್ ಪೌಡರಿನ ಸ್ಟಾರ್ಚ್‌ನಲ್ಲೂ ಶಿಲುಬೆ ಬರುತ್ತದೆ, ಆದ್ದರಿಂದ ಫಿಲ್ಮ್ ತೆಗೆದು ಮಾಮೂಲಿ ಬೆಳಕಲ್ಲೂ ನೋಡಲೇಬೇಕು. ಸ್ಟಾರ್ಚ್ ಕಣದ ಮಧ್ಯೆ ಚಿಕ್ಕ ಕುಳಿ ಇರುತ್ತದೆ.

ಇತ್ತೀಚೆಗೆ ಆರು ಮೂಲೆಯ, ಬಣ್ಣವಿಲ್ಲದ ಕ್ರಿಸ್ಟಲ್ ಬಂತು. ಲ್ಯಾಬಿನಲ್ಲಿ ಎಲ್ಲರೂ ಅಪರೂಪದ ಸಿಸ್ಟೀನ್ ಎಂದು ಸಡಗರ ಪಟ್ಟರು. ಅದನ್ನು ಖಚಿತಪಡಿಸುವ ಸಯನೈಡ್ ಟೆಸ್ಟಿಗೆ ನಮ್ಮಲ್ಲಿ ಸಾಮಗ್ರಿ ಇಲ್ಲ, ಇಡುವ ಆಸೆಯೂ ಇಲ್ಲ. ಕವರ್‌ಸ್ಲಿಪ್ ಅಂಚಿಗೆ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ಟು ಕಾದೆ. ಸಿಸ್ಟೀನ್ ಆಗಿದ್ದರೆ ಕರಗಬೇಕಿತ್ತು, ಕರಗಲಿಲ್ಲ. ಫಿಲ್ಮಿನಲ್ಲಿ ಬಣ್ಣ ಬಣ್ಣ ಬೇರೆ. ಯೂರಿಕ್ ಆಸಿಡ್ ಎಂದೇ ಬರೆದೆ. ನಿಜವಾದ ಸಿಸ್ಟೀನ್ ಇನ್ನೂ ನನ್ನ ಸ್ಲೈಡಿಗೆ ಬಂದಿಲ್ಲ, ಆಸಿಡ್ ಬಾಟಲ್ ಮಾತ್ರ ಮೈಕ್ರೋಸ್ಕೋಪಿನ ಪಕ್ಕದಿಂದ ಕದಲಿಲ್ಲ.