ಬ್ಯಾಟರಿಯಲ್ಲ, ಆಲ್ಟರ್ನೇಟರೂ ಅಲ್ಲ: ಲೋಡ್ ಹಾಕಿ ಅಳೆದ ನನ್ನ ಅನುಭವ

ಚಾರ್ಜಿಂಗ್ ದೂರಿನ ಕಾರು ಬಂದಾಗ ಬ್ಯಾಟರಿಯನ್ನೋ ಅದನ್ನು ತುಂಬಿಸುವ ಆಲ್ಟರ್ನೇಟರನ್ನೋ ಬಿಚ್ಚುವ ಮೊದಲು, ಪೂರ್ತಿ ಲೋಡ್ ಹಾಕಿ (ಅಂದರೆ ಲೈಟು, ಬ್ಲೋವರ್ ಎಲ್ಲ ಚಾಲೂ ಮಾಡಿ) ಪಾಸಿಟಿವ್ ಮತ್ತು ಅರ್ತ್ (ಕರೆಂಟ್ ನೆಗೆಟಿವ್ ಕಡೆಯಿಂದ ಮರಳುವ ದಾರಿ) ಎರಡೂ ದಾರಿಗಳಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂಬುದನ್ನು ಅಳೆಯಬೇಕೆಂದು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಜೊತೆಗೆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಇದು ಹೊತ್ತು ಕಳೆಯುವ ಕೆಲಸವೆಂದೇ ತಿಳಿದಿದ್ದರು. ಇತ್ತೀಚೆಗೆ ಒಂದು ಕಾರು ಆ ವಾದವನ್ನು ತೀರ್ಮಾನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಕಾರು ನನ್ನ ಕೈಗೆ ಬರುವಷ್ಟರಲ್ಲಿ ಮಾಲೀಕರು ಎರಡು ಹೊಸ ಬ್ಯಾಟರಿಗೆ, ಒಂದು ರಿಪೇರಿ ಆಲ್ಟರ್ನೇಟರಿಗೆ ಹಣ ಸುರಿದಿದ್ದರು. ಪ್ರತಿ ಬ್ಯಾಟರಿಯೂ ಕೆಲವು ತಿಂಗಳು ಚೆನ್ನಾಗಿದ್ದು, ಆಮೇಲೆ ಬೆಳಗಿನ ಹೊತ್ತು ಸೆಲ್ಫ್ ನಿಧಾನವಾಗಿ ಎಳೆಯತೊಡಗಿ, ಕೊನೆಗೆ ಪೂರ್ತಿ ಡೌನ್ ಆಗುತ್ತಿತ್ತು. ಮೊದಲು ನೋಡಿದವರು ಪರೀಕ್ಷೆ ಮಾಡಿರಲಿಲ್ಲವೆಂದೇನಲ್ಲ. ಎಂಜಿನ್ ಐಡಲ್‌ನಲ್ಲಿಟ್ಟು ಬ್ಯಾಟರಿ ಟರ್ಮಿನಲ್‌ನಲ್ಲಿ ಅಳೆದಾಗ 14.2 ವೋಲ್ಟಿನ ಆಸುಪಾಸು ತೋರಿಸುತ್ತಿತ್ತು. ಎಂಜಿನ್ ಕಡೆಯನ್ನು ಕಾರಿನ ಬಾಡಿಗೆ ಜೋಡಿಸುವ ಅರ್ತ್ ಸ್ಟ್ರಾಪಿಗೆ ಮೀಟರಿನ ಕಂಟಿನ್ಯೂಟಿ (ತಂತಿ ತುಂಡಾಗಿಲ್ಲವೇ ಎಂದು ನೋಡುವ ಪರೀಕ್ಷೆ) ಹಿಡಿದರೆ ಬೀಪ್ ಎನ್ನುತ್ತಿತ್ತು. ಚಾರ್ಜಿಂಗ್ ಸರಿ, ಅರ್ತ್ ಸರಿ, ಹಾಗಾದರೆ ಬ್ಯಾಟರಿಯೇ ಕಳಪೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೀಗೆ. ಮೂರನೆಯ ಬ್ಯಾಟರಿಗೂ ಮಾಲೀಕರನ್ನು ಒಪ್ಪಿಸಿಯಾಗಿತ್ತು.

ನಾನು ಮಾಡಿದ್ದಿಷ್ಟು. ಇದ್ದ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿ ನಿಧಾನವಾಗಿ ತುಂಬಿಸಿ, ಹೆಡ್‌ಲೈಟನ್ನು ಎರಡು ಮೂರು ನಿಮಿಷ ಉರಿಸಿ, ಚಾರ್ಜರ್ ತೆಗೆದ ಕೂಡಲೇ ಅಂಕಿಯನ್ನು ಸುಳ್ಳಾಗಿ ಏರಿಸಿ ತೋರಿಸುವ ಮೇಲ್ಮೈ ಚಾರ್ಜ್ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 12.6 ನಿಂತಿತ್ತು. ಮೇಲ್ಮೈ ಚಾರ್ಜ್ ಇಳಿಸದೆ ನೋಡಿದ ಅಂಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಮೇಲೆ ಎಂಜಿನ್ ಚಾಲೂ ಮಾಡಿ ಸುಮಾರು 2000 ಆರ್‌ಪಿಎಮ್‌ನಲ್ಲಿ ಹಿಡಿದು ಹೈ ಬೀಮ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲವನ್ನೂ ಹಾಕಿದೆ. ಆಲ್ಟರ್ನೇಟರಿನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟಿಗೂ ಅದರದೇ ಬಾಡಿಗೂ ನಡುವೆ 14.4 ಇತ್ತು. ಬ್ಯಾಟರಿಯ ಎರಡು ಕಂಬಗಳ ನಡುವೆ 13.2 ಮಾತ್ರ. ನಡುವೆ ಮಾಯವಾದ 1.2 ವೋಲ್ಟ್ ಎಲ್ಲಿ ಹೋಯಿತೆಂದು ಹುಡುಕಲು ಮೀಟರಿನ ಒಂದು ಪ್ರೋಬನ್ನು ಬಿ ಪ್ಲಸ್‌ಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇಟ್ಟೆ: 0.15ರಷ್ಟು ಬಂತು, ಅದಕ್ಕೆ ಚಿಂತೆಯಿಲ್ಲ. ಆಲ್ಟರ್ನೇಟರ್ ಬಾಡಿಯಿಂದ ನೆಗೆಟಿವ್ ಕಂಬಕ್ಕೆ ಇಟ್ಟಾಗ ಒಂದು ವೋಲ್ಟಿಗಿಂತ ಸ್ವಲ್ಪ ಮೇಲೆಯೇ ಬಂತು. ಅಲ್ಲಿ 0.2 ದಾಟಿದರೆ ನಾನು ಬಿಚ್ಚಿ ನೋಡುತ್ತೇನೆ.

ಗೇರ್‌ಬಾಕ್ಸಿನಿಂದ ಕಾರಿನ ಬಾಡಿಗೆ ಬರುವ ಅರ್ತ್ ಸ್ಟ್ರಾಪಿನ ಲಗ್ (ತಂತಿಯ ತುದಿಗೆ ಹಾಕಿದ ಲೋಹದ ಬಳೆ), ಮುಟ್ಟಿದರೆ ಕೈ ಹಿಂದೆ ತೆಗೆಯುವಷ್ಟು ಬಿಸಿಯಾಗಿತ್ತು. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಸುಮಾರು 45 ಆಂಪಿಯರ್ ಹರಿಯುತ್ತಿತ್ತು. ಒಂದು ವೋಲ್ಟ್ ಕುಸಿತವೆಂದರೆ ಅಲ್ಲೇ 45 ವ್ಯಾಟ್ ಶಾಖವಾಗುತ್ತಿದೆಯೆಂದು ಅರ್ಥ. ಹೊರಗಿನಿಂದ ನೋಡಿದರೆ ಬೋಲ್ಟ್ ಬಿಗಿಯಾಗಿತ್ತು, ಲಗ್ ಹೊಳೆಯುತ್ತಿತ್ತು. ಲಗ್ಗಿನ ತೋಳನ್ನು (ತಂತಿ ಕೂರುವ ಕೊಳವೆಯನ್ನು) ಸೀಳಿದಾಗ ಒಳಗೆ ತಂತಿಯ ಎಳೆಗಳಲ್ಲಿ ಮುಕ್ಕಾಲು ಪಾಲು ಕಿಲುಬು ಹಿಡಿದು ಹಸಿರು ಪುಡಿಯಾಗಿ ಉದುರಿದವು. ಉಳಿದ ಕೆಲವೇ ಎಳೆಗಳು ಮೀಟರಿನ ಪುಟ್ಟ ಕರೆಂಟಿಗೆ ಧಾರಾಳವಾಗಿ ಸಾಕಾಗಿ ಬೀಪ್ ಕೊಡುತ್ತಿದ್ದವು. ಅಲ್ಲಿದ್ದ ಪ್ರತಿರೋಧ ಇಪ್ಪತ್ತು ಚಿಲ್ಲರೆ ಮಿಲಿಓಮ್. ಅದನ್ನು ನಮ್ಮ ಸಾಮಾನ್ಯ ಮೀಟರ್ ಸೊನ್ನೆಯೆಂದೇ ತೋರಿಸುತ್ತದೆ. ಆದರೆ ಸೆಲ್ಫ್ ಹೊಡೆದಾಗ 150 ಆಂಪಿಯರ್ ಎಳೆದರೆ ಮೂರು ವೋಲ್ಟ್ ಅಲ್ಲೇ ಸತ್ತುಹೋಗುತ್ತದೆ. ಲೈಟು, ಬ್ಲೋವರ್ ಹಾಕದ ಹಗಲಿನ ಪರೀಕ್ಷೆಯಲ್ಲಿ ಕರೆಂಟ್ ಕಡಿಮೆ, ಕುಸಿತವೂ ಕಡಿಮೆ, ಆದ್ದರಿಂದ ಎಲ್ಲರಿಗೂ 14.2 ಕಂಡಿತ್ತು. ರಾತ್ರಿ ಓಡುವಾಗ 13.2 ಮಾತ್ರ ಸಿಕ್ಕ ಬ್ಯಾಟರಿ ಎಂದೂ ಪೂರ್ತಿ ತುಂಬದೆ, ತಟ್ಟೆಗಳ ಮೇಲೆ ಸಲ್ಫೇಟ್ ಕಟ್ಟಿಕೊಂಡು ಸಾಯುತ್ತಿತ್ತು.

ಬಿಚ್ಚುವ ಮುನ್ನ ನೆರೆದವರೆದುರು ದಪ್ಪನೆಯ ಜಂಪರ್ ಕೇಬಲನ್ನು ಎಂಜಿನ್ ಬ್ಲಾಕಿನಿಂದ ನೆಗೆಟಿವ್ ಕಂಬಕ್ಕೆ ಹಿಡಿದು ತೋರಿಸಿದೆ. ಬ್ಯಾಟರಿಯ ಮೇಲಿನ ಅಂಕಿ ಕಣ್ಣೆದುರೇ 14ರ ಮೇಲಕ್ಕೆ ಏರಿತು. ಮೂರನೆಯ ಬ್ಯಾಟರಿಯ ಮಾತು ಅಲ್ಲಿಗೇ ನಿಂತಿತು. ಹೊಸ ಕೇಬಲ್, ಎರಡು ಲಗ್, ಕೂಲಿ ಎಲ್ಲ ಸೇರಿದರೂ ಒಂದು ಬ್ಯಾಟರಿ ಬೆಲೆಯ ಹತ್ತನೇ ಒಂದು ಭಾಗವಾಗಲಿಲ್ಲ. ಮಾಲೀಕರು ಮೊದಲು ಕಳೆದುಕೊಂಡ ದುಡ್ಡಿನಲ್ಲಿ ಇಂಥ ಎಷ್ಟು ಸ್ಟ್ರಾಪ್ ಬರುತ್ತಿತ್ತೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಹೊಸ ಕೇಬಲನ್ನು ಎಂಜಿನ್ ಅಲುಗಾಟಕ್ಕೆ ಜಾಗವಿರುವಂತೆ ಸ್ವಲ್ಪ ಸಡಿಲ ಬಿಟ್ಟು, ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲಷ್ಟೇ ಗ್ರೀಸ್ ಸವರಿದೆ. ಲಗ್ಗಿನ ತೋಳಿನೊಳಗೆ ನೀರು ಹೋಗದಂತೆ ನಾನು ಮಾಡುವ ಒಂದು ಉಪಾಯವಿದೆ, ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಇದೇ ಮಿಲಿವೋಲ್ಟ್ ಹುಚ್ಚಿನಲ್ಲಿ, ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯುವ ಕಾರುಗಳ ಮೇಲೂ ಪ್ರಯೋಗ ಮಾಡಿದ್ದೇನೆ. ಟರ್ಮಿನಲ್ ಬಿಚ್ಚಿ ಆಮ್‌ಮೀಟರ್ ಸೇರಿಸಿದರೆ ಕಾರಿನೊಳಗಿನ ಕಂಪ್ಯೂಟರುಗಳು ಮತ್ತೆ ಎಚ್ಚರಗೊಂಡು ಲೆಕ್ಕ ಕೆಡುತ್ತದೆ. ಅದರ ಬದಲು ಬಾಗಿಲಿನ ಲಾಚನ್ನು ಮುಚ್ಚಿದಂತೆ ಒತ್ತಿಟ್ಟು, ಅವು ನಿದ್ದೆಗೆ ಜಾರಲೆಂದು ಮುಕ್ಕಾಲು ಗಂಟೆ ಬಿಟ್ಟು, ಯಾವ ಫ್ಯೂಸನ್ನೂ ಕೀಳದೆ ಅದರ ತಲೆಯ ಎರಡು ಲೋಹದ ಚುಕ್ಕೆಗಳ ಮೇಲೆ ಪ್ರೋಬ್ ಇಡುತ್ತೇನೆ. 10 ಆಂಪಿಯರ್ ಬ್ಲೇಡ್ ಫ್ಯೂಸಿನಲ್ಲಿ ಒಂದು ಮಿಲಿವೋಲ್ಟ್ ಎಂದರೆ ಸುಮಾರು 130 ಮಿಲಿಆಂಪಿಯರ್. ಇಡೀ ಕಾರಿಗೇ 50ರ ಒಳಗಿರಬೇಕಾದದ್ದು ಒಂದೇ ಫ್ಯೂಸಿನಲ್ಲಿ ಇಷ್ಟು ಕಂಡರೆ ಕಳ್ಳ ಸಿಕ್ಕಂತೆಯೇ. ಮೀಟರ್ 0.1 ಮಿಲಿವೋಲ್ಟ್ ತೋರಿಸುವಂಥದ್ದಾಗಿರಬೇಕು. ಉಳಿದ ಫ್ಯೂಸುಗಳಿಗೆ ತಿಳಿದ ಕರೆಂಟ್ ಹರಿಸಿ ನಾನೇ ಪಟ್ಟಿ ಮಾಡಿಕೊಂಡಿದ್ದೇನೆ. ಅದು ನನ್ನ ನೋಟ್‌ಬುಕ್ಕಿನ ಆಸ್ತಿ.

ಯಾವ ಫ್ಯೂಸಿನಲ್ಲೂ ಏನೂ ಕಾಣದಿದ್ದರೆ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ನೋಡಿ. ಎಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಕಂಬಗಳ ಮೇಲಿಟ್ಟರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಓಡುತ್ತಿರುವ ಎಂಜಿನ್‌ನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಆ ಕ್ಷಣದಲ್ಲಿ ಏಳುವ ಹತ್ತಾರು ವೋಲ್ಟಿಗೆ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು ಸುಟ್ಟರೆ ಅದರ ಬೆಲೆಯ ಮುಂದೆ ಬ್ಯಾಟರಿ ಏನೂ ಅಲ್ಲ. ಕಂಪ್ಯೂಟರ್ ಹತೋಟಿಯ ಹೊಸ ಆಲ್ಟರ್ನೇಟರುಗಳಲ್ಲಿ 12.6 ಕಂಡಾಕ್ಷಣ ಸತ್ತಿತೆಂದು ಬರೆಯದೆ, ಹೆಡ್‌ಲೈಟ್ ಹಾಕಿ, ಗೇರಿನಲ್ಲಿ ಓಡಿಸುತ್ತ ಆಕ್ಸಿಲರೇಟರ್ ಬಿಟ್ಟಾಗ ಅಂಕಿ ಏರುತ್ತದೆಯೇ ಎಂದು ನೋಡುತ್ತೇನೆ. ಏರಿದರೆ ಆಲ್ಟರ್ನೇಟರನ್ನು ಮುಟ್ಟುವುದಿಲ್ಲ. ನೆಗೆಟಿವ್ ಕಂಬದ ಮೇಲಿದ್ದು ಬ್ಯಾಟರಿಯ ಕರೆಂಟ್ ಅಳೆಯುವ ಸೆನ್ಸರ್ ಮತ್ತು ಅದರ ವೈರಿಂಗಿನಿಂದ ಹುಡುಕಾಟ ಶುರುಮಾಡುತ್ತೇನೆ.