ಹಳೇ ಮಾರುತಿ 800ಕ್ಕೆ ನಾನೇ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿದ್ದು

ನಮ್ಮದು ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಹಳೇ ಮಾರುತಿ 800. ಚಿಕ್ಕಬಳ್ಳಾಪುರದ ಒಳಗೆ ಓಡಾಡಿದರೆ ಏನೂ ತಕರಾರಿಲ್ಲ. ಏಪ್ರಿಲ್ ಬಿಸಿಲಲ್ಲಿ ನಂದಿಬೆಟ್ಟ ಹತ್ತಿಸಿದರೆ ಮಾತ್ರ ಯಾವುದಾದರೂ ತಿರುವಿನಲ್ಲಿ ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಾನೆಟ್ ಎತ್ತಿಟ್ಟರೆ ಮತ್ತೆ ಸ್ಟಾರ್ಟ್. ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಕೂತುಬಿಡುವುದು, ವೇಪರ್ ಲಾಕ್ ಅಂತಾರಲ್ವಾ, ಅದೇ.

ನಾನು ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವನು. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್‌ಗೆ ಮೋಟಾರನ್ನು ಕೆಳಗೇ ಇಳಿಸುವುದು ಯಾಕೆ? ಮೇಲೆ ಕೂತು ಎಳೆಯುವುದಕ್ಕೆ ಮಿತಿ ಇದೆ, ಕೆಳಗಿಂದ ತಳ್ಳಬಹುದು. ಈ ಕಾರಿನ ಪಂಪ್ ಇರುವುದು ಇಂಜಿನ್ ಹೆಡ್ ಮೇಲೆ, ಬಿಸಿಯಲ್ಲಿ. ಹಿಂದಿನ ಟ್ಯಾಂಕ್‌ನಿಂದ ಅಲ್ಲಿವರೆಗೂ ಪೆಟ್ರೋಲ್ ಎಳೆಯಬೇಕು. ಎಳೆದಷ್ಟೂ ಪೈಪಲ್ಲಿ ಒತ್ತಡ ಇಳಿಯುತ್ತೆ, ಒತ್ತಡ ಇಳಿದರೆ ಪೆಟ್ರೋಲ್ ಬೇಗ ಕುದಿಯುತ್ತೆ. ಜೊತೆಗೆ ಇಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಪಂಪ್ ಒಳಗಿನ ಪರದೆ, ಅಂದರೆ ಡಯಾಫ್ರಾಮ್, ತೂತಾಗಿ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿತ್ತು. ಇದು ಬೇರಿಂಗ್‌ಗಳಿಗೆ ಕುತ್ತು, ಹಾಗಾಗಿ ಆಯಿಲ್ ಕೂಡ ಬದಲಾಯಿಸಿದೆ.

ಪಂಪ್ ಕೊಳ್ಳುವಾಗ ಹುಷಾರು. ಅಂಗಡಿಯವನು ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿದು ತಂದಿಟ್ಟು "ಇದೇ ಹಾಕ್ಕೊಳ್ಳಿ ಅಣ್ಣ, ಫೋರ್ಸ್ ಜಾಸ್ತಿ" ಅಂದ. ಆ ಫೋರ್ಸೇ ಬೇಡದ್ದು. ಕಾರ್ಬೊರೇಟರ್‌ಗೆ 2ರಿಂದ 4 ಪಿಎಸ್‌ಐ (ಒತ್ತಡದ ಅಳತೆ) ಸಾಕು. ಎಂಪಿಎಫ್‌ಐ ಪಂಪ್ 40ರ ಆಸುಪಾಸಿನಲ್ಲಿ ತಳ್ಳುತ್ತೆ. ಕಾರ್ಬೊರೇಟರ್ ಒಳಗೆ ತೇಲುವ ಫ್ಲೋಟ್ ಒತ್ತಿ ಮುಚ್ಚುವ ಪುಟ್ಟ ನೀಡಲ್ ಅದನ್ನು ತಡೆಯಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಸುರಿಯುತ್ತೆ.

ಟ್ಯಾಂಕ್ ಹೆಚ್ಚುಕಮ್ಮಿ ಖಾಲಿ ಇರುವಾಗ, ಬಯಲಲ್ಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲಸ ಶುರುಮಾಡಿದೆ. ಪಂಪ್ ಕೂರಿಸಿದ್ದು ಹಿಂದೆ, ಟ್ಯಾಂಕ್ ಪಕ್ಕ, ಆದಷ್ಟು ಕೆಳಗೆ, ಸೈಲೆನ್ಸರ್ ಪೈಪಿಂದ ದೂರ. ಬೋಲ್ಟ್‌ಗೆ ರಬ್ಬರ್ ಬುಷ್ ಹಾಕದಿದ್ದರೆ ಟಿಕ್ ಟಿಕ್ ಸದ್ದು ಇಡೀ ಕಾರಿಗೆ ಹತ್ತುತ್ತೆ. ಫಿಲ್ಟರ್ ಟ್ಯಾಂಕ್‌ಗೂ ಪಂಪ್‌ಗೂ ಮಧ್ಯೆ ಇರಬೇಕು, ಹಳೇ ಟ್ಯಾಂಕಿನ ತುಕ್ಕೇ ಪಂಪಿಗೆ ಶತ್ರು. ಮುಂದೆ ಹಳೇ ಪಂಪ್ ಬಿಚ್ಚಿ, ಅದನ್ನು ತಳ್ಳುವ ರಾಡ್ ಕೂಡ ಹೊರಗೆ ತೆಗೆದು, ಆ ಜಾಗಕ್ಕೆ ಗ್ಯಾಸ್ಕೆಟ್ ಇಟ್ಟು ಪ್ಲೇಟ್ ಮುಚ್ಚಿದೆ. ಹಳೇ ಪಂಪಿಂದ ಟ್ಯಾಂಕ್‌ಗೆ ಒಂದು ರಿಟರ್ನ್ ಪೈಪ್ ಇತ್ತು. ತುಂಬಾ ಜನ ಅದನ್ನು ಸುಮ್ನೆ ಮುಚ್ಚಿಬಿಡುತ್ತಾರೆ. ನಾನು ಕಾರ್ಬೊರೇಟರ್ ಹತ್ತಿರ ಮೂರು ಬಾಯಿಯ ಟೀ ಜೋಡಣೆ ಹಾಕಿ, ರಿಟರ್ನ್ ಕಡೆ ಸಣ್ಣ ತೂತಿನ ಹಿತ್ತಾಳೆ ತುಂಡು ಕೂರಿಸಿ ಉಳಿಸಿಕೊಂಡೆ. ಆವಿ ಬಂದರೂ ಅಲ್ಲಿಂದ ವಾಪಸ್ ಹೋಗುತ್ತೆ.

ಇನ್ನು ವೈರಿಂಗ್. ನನ್ನ ಪ್ರಕಾರ ಅರ್ಧ ಕೆಲಸ ಇದೇ. ಕೀ ಆನ್ ಇದ್ದಷ್ಟೂ ಪಂಪ್ ಓಡುವ ಹಾಗೆ ನೇರ ಕೊಟ್ಟರೆ, ಗುದ್ದಿ ಇಂಜಿನ್ ನಿಂತು ಪೈಪ್ ಹರಿದರೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತೆ. ಅದಕ್ಕೆ ಎರಡು ರಿಲೇ, ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್. ಮೊದಲನೆಯದು ಕೀ ಆನ್ ಆದಾಗ ಬ್ಯಾಟರಿಯಿಂದ, ಫ್ಯೂಸ್ ಮೂಲಕ, ಕರೆಂಟ್ ಬಿಡುತ್ತೆ. ಆ ಕರೆಂಟ್ ಎರಡನೆಯದರ 30ನೇ ಪಿನ್‌ಗೆ ಬಂದು 87ಎ ಪಿನ್‌ನಿಂದ (ರಿಲೇ ಎಳೆದುಕೊಳ್ಳದಿದ್ದಾಗ 30ಕ್ಕೆ ಸೇರಿರುವುದು) ಪಂಪಿಗೆ ಹೋಗುತ್ತೆ. ಎರಡನೆಯದರ ಕಾಯಿಲ್‌ಗೆ ಒಂದು ಕಡೆ ಇಗ್ನಿಷನ್, ಇನ್ನೊಂದು ಕಡೆ ಆಯಿಲ್ ಲೈಟಿನ ವೈರ್. ಇಂಜಿನ್ ನಿಂತು ಆಯಿಲ್ ಪ್ರೆಷರ್ ಇಲ್ಲದಾಗ ಆ ಲೈಟಿನ ಸ್ವಿಚ್ ಕಾರಿನ ತಗಡಿಗೆ ಅರ್ತ್ ಆಗಿರುತ್ತೆ, ರಿಲೇ ಎಳೆದುಕೊಳ್ಳುತ್ತೆ, ಪಂಪ್ ಆಫ್. ಪ್ರೆಷರ್ ಬಂದರೆ ರಿಲೇ ಬಿಡುತ್ತೆ, ಪಂಪ್ ಆನ್. ಬಹಳ ದಿನ ನಿಂತ ಗಾಡಿಯ ಕಾರ್ಬೊರೇಟರ್ ಒಣಗಿರುತ್ತಲ್ಲ, ಅದಕ್ಕೆ ಡ್ಯಾಶ್‌ಬೋರ್ಡ್ ಕೆಳಗೆ ಒತ್ತಿ ಹಿಡಿದಷ್ಟು ಹೊತ್ತು ಪಂಪ್ ಓಡಿಸುವ ಬಟನ್. ನಮ್ಮ ಮೆಕ್ಯಾನಿಕ್ ಬಗ್ಗಿ ನೋಡಿ "ಒಂದು ಪಂಪ್‌ಗೆ ಇಷ್ಟೊಂದು ವೈರಾ ಅಣ್ಣ?" ಅಂದ. ಇಂಜಿನ್ ಓಡುತ್ತಿರುವಾಗ ಆಯಿಲ್ ಸ್ವಿಚ್ ವೈರನ್ನು ಕಾರಿನ ತಗಡಿಗೆ ಮುಟ್ಟಿಸಿ ತೋರಿಸಿದೆ. ಲೈಟ್ ಹತ್ತಿತು, ಟಿಕ್ ಟಿಕ್ ನಿಂತಿತು, ಕಾರ್ಬೊರೇಟರಲ್ಲಿ ಇದ್ದಷ್ಟು ಕುಡಿದು ಇಂಜಿನ್ನೂ ನಿಂತಿತು. ಆಮೇಲೆ ಅವನೇ ಕೂತು ಸರ್ಕ್ಯೂಟ್ ಬರೆದುಕೊಂಡ.

ಹೋಸ್ ವಿಷಯದಲ್ಲಿ ಜಿಪುಣತನ ಬೇಡ. ಈಗ ಬಂಕಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ತನಕ ಎಥನಾಲ್ ಇರುತ್ತೆ, ಹಳೇ ರಬ್ಬರ್ ಅದಕ್ಕೆ ತಡೆಯಲ್ಲ. ನಾನು ಹಳೇ ಹೋಸ್, ಕ್ಲಿಪ್ ಎಲ್ಲಾ ಕಿತ್ತು ಹೊಸದು ಹಾಕಿದೆ.

ಈಗ ಬೆಟ್ಟ ಹತ್ತುವಾಗ ಜಗ್ಗುವುದಿಲ್ಲ. ಒಂದು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಕು. ಕೀ ಆನ್ ಮಾಡಿದಾಗ ಆಯಿಲ್ ಲೈಟ್ ಬರುತ್ತಾ ನೋಡಿ. ಬರದೆ ಪಂಪ್ ಮಾತ್ರ ಟಿಕ್ ಟಿಕ್ ಅಂದರೆ ಎಲ್ಲೋ ವೈರ್ ಬಿಟ್ಟಿದೆ, ಪಂಪ್ ನಿಲ್ಲಿಸುವ ಕಟಾಫ್ ಕೆಲಸ ಮಾಡುತ್ತಿಲ್ಲ. ಅದನ್ನು ಸರಿಮಾಡಿಯೇ ಗಾಡಿ ತೆಗೆಯಿರಿ.